ಉಪ್ಪುನೀರಿಗೆ ಸೀಳಿತು, ಎಣ್ಣೆಯಲ್ಲಿ ಮೆತ್ತಗೇ ಉಳಿಯಿತು: ಸ್ಪ್ರಿಂಗ್ ಪಟ್ಟಿಯ ಚಾಕುವಿಗೆ ಹದ ಕೊಡುವುದು ಹೇಗೆ?

ಪ್ರಶ್ನೆ: ಬಿಡುವಿನ ದಿನಗಳಲ್ಲಿ ಸಣ್ಣದೊಂದು ಇದ್ದಿಲ ಕುಲುಮೆ ಹೂಡಿಕೊಂಡು ಕಮ್ಮಾರಿಕೆ ಕಲಿಯುತ್ತಿದ್ದೇನೆ. ಕೊಕ್ಕೆ, ಚಿಲಕ, ಇಕ್ಕಳ ಮಾಡಿದ್ದು ಸರಿಯಾಗಿಯೇ ಬಂತು. ಹದ ಕೊಡುವ ಕೆಲಸಕ್ಕೆ ಕೈಹಾಕಿದ ಮೇಲೆ ಮಾತ್ರ ಒಂದೂ ಸರಿಹೋಗಿಲ್ಲ. ಹಳೆಯ ವಾಹನದ 6 ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ಪಟ್ಟಿಯಿಂದ ಎರಡು ಚಾಕು ಬಡಿದೆ. ಮೊದಲನೆಯದನ್ನು ಚೆನ್ನಾಗಿ ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಿ ಉಪ್ಪುನೀರಿಗೆ ಅದ್ದಿದೆ. ‘ಟಿಣ್’ ಎಂದಿತು, ಅಂಚಿನಲ್ಲಿ ಎರಡು ಕಡೆ ಸೀಳು ಬಿಟ್ಟಿತು. ಎರಡನೆಯದನ್ನು ಒಂದು ಡಬ್ಬಿ ಹಳೆಯ ಎಂಜಿನ್ ಆಯಿಲಿಗೆ ಅದ್ದಿದೆ. ಸೀಳಲಿಲ್ಲ, ಆದರೆ ಅರ ಹಾಕಿ ನೋಡಿದರೆ ಹಿಡಿಕೆಯ ಕಡೆ ಸಲೀಸಾಗಿ ಕಚ್ಚುತ್ತದೆ, ಮೊನೆಯ ಕಡೆ ಸ್ವಲ್ಪ ಜಾರುತ್ತದೆ. ಕಟ್ಟಡಕ್ಕೆ ಬಳಸುವ 12 ಮಿಲಿಮೀಟರ್ ಸರಳಿನಿಂದ ಮಾಡಿದ ಉಳಿಯಂತೂ ಏನು ಮಾಡಿದರೂ ಮೆತ್ತಗೇ ಇದೆ. ಒಬ್ಬರು ನೀರಿಗೆ ಇನ್ನಷ್ಟು ಉಪ್ಪು ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಹಳೆಯ ಎಂಜಿನ್ ಆಯಿಲಿನ ಇಂಗಾಲ ಉಕ್ಕಿಗೆ ಇಳಿಯುತ್ತದೆ, ಇನ್ನೂ ಹೆಚ್ಚು ಕಾಯಿಸಿ ಅದ್ದಿ ಅನ್ನುತ್ತಾರೆ. ಬಳಸಿದ ಸ್ಪ್ರಿಂಗ್ ‘ಸತ್ತಿರುತ್ತದೆ’, ಅದರಲ್ಲಿ ಹದ ನಿಲ್ಲುವುದಿಲ್ಲ ಎಂಬ ಮಾತೂ ಇದೆ. ಯಾವುದನ್ನು ನಂಬಲಿ? ಎರಡನೆಯ ಚಾಕುವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಅದು ಮೆತ್ತಗಿದೆ ಎಂದು ತೀರ್ಮಾನಿಸುವ ಮೊದಲೇ ಮಾಡಬೇಕಾದ ಒಂದು ಪರೀಕ್ಷೆಯೂ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಯಾವ ದ್ರವಕ್ಕೆ ಅದ್ದಬೇಕು ಎಂಬುದೇ ನಿಮ್ಮ ಚಿಂತೆಯಾಗಿದೆ. ಆದರೆ ನೀವು ಬರೆದಿರುವುದನ್ನು ನೋಡಿದರೆ ಮೂರು ವಸ್ತುಗಳೂ ಕೆಟ್ಟಿದ್ದು ಬಹುಮಟ್ಟಿಗೆ ಅದ್ದುವ ಮೊದಲೇ. ಉಳಿಯ ಉಕ್ಕೇ ಹದ ಹಿಡಿಯುವ ಜಾತಿಯದಲ್ಲ. ಮೊದಲ ಚಾಕು ಅತಿಯಾಗಿ ಕಾದಿತ್ತು, ಅದರ ಮೇಲೆ ಆ ಉಕ್ಕಿಗೆ ಬೇಕಿಲ್ಲದಷ್ಟು ವೇಗದಲ್ಲಿ ತಣಿಯಿತು. ಎರಡನೆಯದು ಉದ್ದಕ್ಕೂ ಒಂದೇ ಸಮನೆ ಕಾದಿರಲಿಲ್ಲ. ದ್ರವವನ್ನು ಬದಲಾಯಿಸುತ್ತಾ ಹೋದರೆ ಇವು ಮೂರೂ ಸರಿಯಾಗುವುದಿಲ್ಲ.

ನೀವು ಕೇಳಿದ ಮಾತುಗಳನ್ನು ಮೊದಲು ವಿಂಗಡಿಸೋಣ. ನೀರಿಗೆ ಉಪ್ಪು ಹಾಕಿದರೆ ಪರಿಣಾಮ ಇರುವುದು ನಿಜ. ಕೆಂಡದಂಥ ಉಕ್ಕನ್ನು ನೀರಿಗೆ ಇಳಿಸಿದ ಕ್ಷಣ ಅದರ ಸುತ್ತ ಹಬೆಯ ಪದರ ಕಟ್ಟಿಕೊಂಡು ಶಾಖ ಹೊರಹೋಗದಂತೆ ತಡೆಯುತ್ತದೆ. ಉಪ್ಪು ಆ ಪದರವನ್ನು ಬೇಗ ಒಡೆಯುತ್ತದೆ, ಹಾಗಾಗಿ ಉಪ್ಪುನೀರು ಬರಿಯ ನೀರಿಗಿಂತಲೂ ವೇಗವಾಗಿ ಮತ್ತು ಸಮವಾಗಿ ತಣಿಸುತ್ತದೆ. ಉಪ್ಪಿನ ಕೆಲಸ ಅಷ್ಟೇ. ಅದು ಉಕ್ಕಿನೊಳಗೆ ಏನನ್ನೂ ಸೇರಿಸುವುದಿಲ್ಲ. ಸೊಪ್ಪಿನ ರಸ, ಮೂತ್ರ ಮುಂತಾದವುಗಳ ಬಗ್ಗೆ ಕೇಳಿಬರುವ ಮಾತುಗಳಿಗೂ ಇದೇ ಉತ್ತರ. ತಣಿಯುವ ವೇಗ ಎಷ್ಟು ಬದಲಾಯಿತೋ ಅಷ್ಟೇ ಅವುಗಳ ಮಹಿಮೆ.

ಹಳೆಯ ಎಂಜಿನ್ ಆಯಿಲಿನಿಂದ ಇಂಗಾಲ ಇಳಿಯುತ್ತದೆ ಎಂಬುದು ತಪ್ಪು. ಇಂಗಾಲ ಉಕ್ಕಿನೊಳಕ್ಕೆ ಇಳಿಯಬೇಕಾದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಗಾಳಿಯಾಡದ ಪೆಟ್ಟಿಗೆಯಲ್ಲಿ, ಇದ್ದಿಲ ಪುಡಿಯ ನಡುವೆ ಗಂಟೆಗಟ್ಟಲೆ ಇರಬೇಕು. ಆಗಲೂ ಇಳಿಯುವುದು ಮಿಲಿಮೀಟರ್ ಲೆಕ್ಕದ ತೆಳು ಪದರದಷ್ಟು. ಎಣ್ಣೆಯಲ್ಲಿ ಚಾಕು ಬಿಸಿಯಾಗಿರುವುದು ಕೆಲವೇ ಸೆಕೆಂಡು. ನಿಮಗೆ ಕಾಣುವ ಕಪ್ಪು ಬಣ್ಣ ಮೇಲ್ಮೈಗೆ ಅಂಟಿದ ಮಸಿ ಮಾತ್ರ.

‘ಸತ್ತ ಸ್ಪ್ರಿಂಗ್’ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಸ್ಪ್ರಿಂಗ್ ಎಷ್ಟೇ ವರ್ಷ ದುಡಿದಿರಲಿ, ಅದರ ಇಂಗಾಲ ಎಲ್ಲಿಗೂ ಹೋಗಿರುವುದಿಲ್ಲ. ಕುಲುಮೆಯಲ್ಲಿ ಒಮ್ಮೆ ಸರಿಯಾಗಿ ಕಾದರೆ ಹಳೆಯ ಹದ ಪೂರ್ತಿ ಅಳಿಸಿಹೋಗಿ ಉಕ್ಕು ಹೊಸದಾಗಿ ಹದ ತೆಗೆದುಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಬಾಗಿ ಬಾಗಿ ಕೂದಲೆಳೆಯಂಥ ಬಿರುಕುಗಳು ಹುಟ್ಟಿರಬಹುದು. ಅವು ಬೆಂಕಿಗೆ ಅಳಿಯುವುದಿಲ್ಲ, ಬಡಿತಕ್ಕೆ ಮುಚ್ಚಿಕೊಂಡು ಒಳಗೇ ಅಡಗುತ್ತವೆ. ಹಳೆಯ ಪಟ್ಟಿಯಲ್ಲಿ ನಡುವಿನ ಬೋಲ್ಟ್ ತೂತಿನ ಸುತ್ತಲಿನ ಭಾಗ ಮತ್ತು ಕ್ಲ್ಯಾಂಪ್ ಬಿಗಿದಿದ್ದ ಜಾಗ ಬಿಟ್ಟು, ತುದಿಯ ಕಡೆಯ ತುಂಡು ಆರಿಸಿಕೊಳ್ಳಿ. ತುಕ್ಕು ಪೂರ್ತಿ ಉಜ್ಜಿ ತೆಗೆದು, ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿದ್ದ ಕಡೆ ಎಣ್ಣೆ ಮೇಲಕ್ಕೆ ಬಂದು ಒದ್ದೆ ಗೆರೆ ಮೂಡುತ್ತದೆ. ಕುಲುಮೆಯ ಹತ್ತಿರ ಬೇಡ, ಈ ಪರೀಕ್ಷೆಯನ್ನು ದೂರದಲ್ಲಿ ಮಾಡಿ.

ಇನ್ನು ‘ಹೆಚ್ಚು ಕಾಯಿಸಿದಷ್ಟೂ ಹೆಚ್ಚು ಗಡಸು’ ಎಂಬ ನಂಬಿಕೆ. ಹವ್ಯಾಸಿಗಳ ಚಾಕುಗಳು ಒಡೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ.

ಉಕ್ಕಿನೊಳಗೆ ಆಗುವುದೇನು

ವಾಹನಗಳ ಸ್ಪ್ರಿಂಗ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ 0.5ರಿಂದ 0.65 ಶೇಕಡಾ ಇಂಗಾಲ ಇರುತ್ತದೆ. ಜೊತೆಗೆ ಕ್ರೋಮಿಯಂ, ಮ್ಯಾಂಗನೀಸ್ ಅಥವಾ ಸಿಲಿಕಾನ್ ಬೆರೆತಿರುತ್ತದೆ. 5160, ಇಎನ್ 45 ಎಂಬ ಹೆಸರುಗಳನ್ನು ನೀವು ಕೇಳಿರಬಹುದು, ಎರಡೂ ಈ ಗುಂಪಿನವೇ. ಇಂಥ ಉಕ್ಕನ್ನು ಸುಮಾರು 830ರಿಂದ 850 ಡಿಗ್ರಿಗೆ ಕಾಯಿಸಿದಾಗ ಅದರ ಒಳರಚನೆ ಬದಲಾಗಿ ಇಂಗಾಲ ಎಲ್ಲ ಕಡೆ ಕರಗಿ ಹರಡಿಕೊಳ್ಳುತ್ತದೆ. ಆಗ ಥಟ್ಟನೆ ತಣಿಸಿದರೆ ಇಂಗಾಲಕ್ಕೆ ತಪ್ಪಿಸಿಕೊಳ್ಳಲು ಸಮಯ ಸಿಗದೆ ಸಿಕ್ಕಿಬೀಳುತ್ತದೆ, ಉಕ್ಕು ಗಡಸಾಗುತ್ತದೆ. ಈ ಗಡಸು ರಚನೆಗೆ ಮಾರ್ಟೆನ್‌ಸೈಟ್ ಎನ್ನುತ್ತಾರೆ.

‘ಥಟ್ಟನೆ’ ಅಂದರೆ ಎಷ್ಟು ಎನ್ನುವುದು ಉಕ್ಕಿನಿಂದ ಉಕ್ಕಿಗೆ ಬೇರೆ. ಬೇರೆ ಲೋಹ ಬೆರೆಯದ, ಹೆಚ್ಚು ಇಂಗಾಲದ 1095ರಂಥ ಉಕ್ಕಿಗೆ ಸಿಗುವ ಗಡುವು ಒಂದು ಸೆಕೆಂಡಿನಷ್ಟೂ ಇಲ್ಲ. ಅದನ್ನು ಅತಿವೇಗದ ಎಣ್ಣೆಗೋ ನೀರಿಗೋ ಅದ್ದಲೇಬೇಕು. ಸ್ಪ್ರಿಂಗ್ ಉಕ್ಕಿನಲ್ಲಿ ಬೆರೆತ ಲೋಹಗಳು ಈ ಗಡುವನ್ನು ಹಲವು ಸೆಕೆಂಡಿಗೆ ಹಿಗ್ಗಿಸುತ್ತವೆ. ಚಾಕುವಿನಷ್ಟು ತೆಳುವಾದ ವಸ್ತುವಿಗೆ ಎಣ್ಣೆಯ ವೇಗ ಧಾರಾಳವಾಗಿ ಸಾಕು. ನೀರಿನ ವೇಗದಿಂದ ಗಡಸುತನ ಏನೂ ಹೆಚ್ಚುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ.

ಅಪಾಯ ಏಕೆಂದರೆ, ಗಡಸಾಗುವಾಗ ಉಕ್ಕು ಹಿಗ್ಗುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿ ಈ ಬದಲಾವಣೆ ಶುರುವಾಗುವುದು 250 ಡಿಗ್ರಿಯ ಆಸುಪಾಸಿನಲ್ಲಿ. ನೀರಿನಲ್ಲಿ ಹೊರಮೈ ಮತ್ತು ತೆಳು ಅಂಚು ಮೊದಲೇ ತಣಿದು ಗಡಸಾಗಿ, ಬಾಗುವ ಗುಣ ಕಳೆದುಕೊಂಡು ಕೂತಿರುತ್ತವೆ. ಆಮೇಲೆ ಒಳಭಾಗ ಮತ್ತು ದಪ್ಪ ಬೆನ್ನು ಹಿಗ್ಗಲು ಹೊರಟಾಗ ಅಂಚು ಎಳೆತ ತಾಳಲಾರದೆ ಸೀಳುತ್ತದೆ. ನೀವು ಕೇಳಿದ ‘ಟಿಣ್’ ಅದರದೇ ಸದ್ದು.

ನೀರೊಂದನ್ನೇ ದೂರುವುದೂ ಸರಿಯಲ್ಲ. ಚೆನ್ನಾಗಿ ಕಿತ್ತಳೆ ಬಣ್ಣ ಎಂದರೆ 900 ಡಿಗ್ರಿ ದಾಟಿರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಕಾದಷ್ಟೂ, ಆ ಶಾಖದಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ, ಉಕ್ಕಿನ ಒಳಗಿನ ಕಣಗಳು ಬೆಳೆದು ದಪ್ಪವಾಗುತ್ತವೆ. ದಪ್ಪ ಕಣದ ಉಕ್ಕು ಗಡಸಾದಾಗ ಪೆಡಸಾಗಿ ಸಣ್ಣ ಏಟಿಗೂ ಒಡೆಯುತ್ತದೆ.

ಮೊದಲ ಚಾಕುವನ್ನು ಎಸೆಯುವ ಮೊದಲು ಅದರಿಂದ ಪಾಠ ಹಿಂಡಿಕೊಳ್ಳಿ. ದಪ್ಪ ಬಟ್ಟೆಯಲ್ಲಿ ಸುತ್ತಿ ವೈಸಿಗೆ ಕಚ್ಚಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸೀಳಿದ ಜಾಗದಲ್ಲೇ ಮುರಿಯಿರಿ. ಮುರಿದ ಮುಖ ಸಕ್ಕರೆ ಹರಳಿನಂತೆ ಮಿನುಗಿದರೆ ಅತಿಯಾಗಿ ಕಾಯಿಸಿದ್ದೀರಿ. ಬೂದುಬಣ್ಣದಲ್ಲಿ ನುಣ್ಣಗೆ, ಮಂದವಾಗಿ ಕಂಡರೆ ಕಣ ಚೆನ್ನಾಗಿದೆ. ಸೀಳಿನ ಒಳಗೋಡೆಯ ಬಣ್ಣವನ್ನೂ ಗಮನಿಸಿ. ಅಲ್ಲಿ ಕಪ್ಪು ಪೊರೆ ಕಟ್ಟಿದ್ದರೆ ಬಿರುಕು ಕುಲುಮೆಯಲ್ಲಿದ್ದಾಗಲೇ ಇತ್ತು, ಅಂದರೆ ಹಳೆಯ ಸ್ಪ್ರಿಂಗಿನದೋ ತಣ್ಣಗಿದ್ದಾಗ ಬಡಿದದ್ದರಿಂದ ಬಂದದ್ದೋ. ಹೊಳೆಯುವ ಹೊಸ ಮುಖವಾದರೆ ಅದ್ದಿದಾಗಲೇ ಆದದ್ದು. ಸೀಳಿದ ಚಾಕುವನ್ನು ಬೆಸುಗೆಯಿಂದ ಉಳಿಸುವ ಪ್ರಯತ್ನ ಬೇಡ. ಸೀಳಿಲ್ಲದ ತುಂಡು ಸಿಕ್ಕಿದರೆ ಕತ್ತರಿಸಿ ಚಿಕ್ಕ ಅಲಗು ಮಾಡಿಕೊಳ್ಳಬಹುದು.

ಎರಡನೆಯ ಚಾಕು ನಿಜಕ್ಕೂ ಮೆತ್ತಗಿದೆಯೇ?

ಕುಲುಮೆಯಲ್ಲಿ ಗಾಳಿ ಜಾಸ್ತಿ ಇದ್ದಾಗ ಉಕ್ಕಿನ ಹೊರಮೈಯ ಇಂಗಾಲ ಸುಟ್ಟುಹೋಗಿ ತೆಳುವಾದೊಂದು ಮೆತ್ತನೆಯ ಚರ್ಮ ಉಳಿಯುತ್ತದೆ. ಪದೇ ಪದೇ ಕಾಯಿಸಿದ ಚಾಕುವಿನಲ್ಲಿ ಅದು ಮಿಲಿಮೀಟರಿನ ಹತ್ತನೆಯ ಕೆಲವು ಭಾಗದಷ್ಟು ಇರಬಹುದು. ನಿಮ್ಮ ಅರ ಕಚ್ಚುತ್ತಿರುವುದು ಆ ಚರ್ಮವನ್ನೇ ಇರಬಹುದು. ಹಾಗಾಗಿ ಹಿಡಿಕೆಯ ಹತ್ತಿರ, ಅಂಚಿನ ಮೇಲೆ ಒಂದೇ ಕಡೆ ಅರ ಉಜ್ಜುತ್ತಾ ಹೋಗಿ. ನಾಲ್ಕಾರು ಎಳೆತದ ನಂತರ ಅರ ಗಾಜಿನ ಮೇಲೆ ಹೋದಂತೆ ಜಾರತೊಡಗಿದರೆ ಒಳಗೆ ಉಕ್ಕು ಗಡಸೇ ಇದೆ. ಹೊರಚರ್ಮ ಸಾಣೆ ಹಿಡಿದು ತೆಗೆದು ಮುಂದುವರಿಯಬಹುದು. ಅರ ಮಿಲಿಮೀಟರ್ ಆಳಕ್ಕೂ ಸಲೀಸಾಗಿ ಇಳಿದರೆ ನಿಜಕ್ಕೂ ಹದ ಹತ್ತಿಲ್ಲ. ಪರೀಕ್ಷೆಗೆ ಹೊಸದಾದ, ಚೂಪಾದ ಅರ ಬೇಕು. ಮೊಂಡಾದ ಅರ ಮೆತ್ತನೆಯ ಉಕ್ಕಿನ ಮೇಲೂ ಜಾರಿ ಮೋಸ ಮಾಡುತ್ತದೆ.

ಮೊನೆ ಗಡಸಾಗಿ ಹಿಡಿಕೆಯ ಕಡೆ ಹಾಗೇ ಉಳಿದಿದೆ ಎನ್ನುವುದರಿಂದ ನನಗೆ ಮೊದಲು ಅನುಮಾನ ಬರುವುದು ಕಾಯಿಸಿದ ರೀತಿಯ ಮೇಲೆ. ಒಂದೇ ಕಡೆಯಿಂದ ಗಾಳಿ ಊದುವ ಸಣ್ಣ ಇದ್ದಿಲ ಕುಲುಮೆಯಲ್ಲಿ ನಿಜವಾಗಿ ಬಿಸಿ ಇರುವುದು ಗಾಳಿಕೊಳವೆಯ ಎದುರಿನ ಅಂಗೈ ಅಗಲದ ಜಾಗ ಮಾತ್ರ. ತೆಳು ಮೊನೆ ಬೇಗ ಕಾಯುತ್ತದೆ, ದಪ್ಪ ಭಾಗ ಹಿಂದುಳಿಯುತ್ತದೆ. ಎರಡನೆಯ ಅನುಮಾನ ಎಣ್ಣೆಯ ಪ್ರಮಾಣದ ಮೇಲೆ. ಒಂದು ಡಬ್ಬಿ ತಣ್ಣನೆಯ, ದಪ್ಪ ಎಣ್ಣೆ ಚಾಕುವಿನ ಸುತ್ತಲೇ ಕಾದು ನಿಲ್ಲುತ್ತದೆ, ಶಾಖವನ್ನು ದೂರ ಒಯ್ಯುವುದಿಲ್ಲ.

ಮತ್ತೆ ಹದ ಕೊಡುವ ಕ್ರಮ

ಮೊದಲು ಅದೇ ಪಟ್ಟಿಯಿಂದ ಬೆರಳುದ್ದದ ತುಂಡು ಕತ್ತರಿಸಿ, ಮುಂದೆ ಹೇಳುವುದನ್ನೆಲ್ಲ ಅದರ ಮೇಲೆ ಮಾಡಿ ನೋಡಿ. ಅರ ಜಾರಬೇಕು, ಮುರಿದರೆ ನುಣುಪಾದ ಕಣ ಕಾಣಬೇಕು. ಗುರುತು ಗೊತ್ತಿಲ್ಲದ ಉಕ್ಕಿನ ವಿಚಾರದಲ್ಲಿ ಈ ತುಂಡಿನ ಪರೀಕ್ಷೆಗೆ ಸಮನಾದ ಸಾಕ್ಷಿ ಹವ್ಯಾಸಿಗೆ ಬೇರೆ ಇಲ್ಲ.

ಚಾಕುವಿನ ಆಕಾರ ನೋಡಿಕೊಳ್ಳಿ. ಅದ್ದುವ ಹೊತ್ತಿಗೆ ಅಂಚು 1ರಿಂದ 1.5 ಮಿಲಿಮೀಟರ್ ದಪ್ಪ ಉಳಿದಿರಲಿ, ಚೂಪು ಮಾಡುವುದು ಆಮೇಲೆ. ಅಲಗು ಹಿಡಿಕೆಯ ಬಾಲಕ್ಕೆ ಸೇರುವಲ್ಲಿ ಚೌಕ ಮೂಲೆ ಇದ್ದರೆ ದುಂಡು ಅರದಿಂದ ಗುಂಡಗೆ ಮಾಡಿ. ಸೀಳು ಹುಟ್ಟುವುದು ಇಂಥ ಮೂಲೆಗಳಲ್ಲೇ. ಗ್ರೈಂಡರ್ ಬಿಟ್ಟ ಅಡ್ಡಗೀರುಗಳನ್ನು ಉದ್ದುದ್ದಕ್ಕೆ ಉಜ್ಜಿ 120 ನಂಬರಿನ ಮರಳು ಕಾಗದದವರೆಗಾದರೂ ನುಣುಪು ಮಾಡಿ.

ನಂತರ ನಾರ್ಮಲೈಸಿಂಗ್. ಬಡಿಯುವಾಗ ಬೆಳೆದ ಕಣಗಳನ್ನು ಮತ್ತೆ ಚಿಕ್ಕದು ಮಾಡುವ, ಒಳಗೆ ಉಳಿದ ಎಳೆತವನ್ನು ಇಳಿಸುವ ಹಂತ ಇದು. ಹವ್ಯಾಸಿಗಳು ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ನೀವು ಬರೆದಿರುವುದರಲ್ಲೂ ಇದರ ಸುಳಿವಿಲ್ಲ. ಮೂರು ಸಲ ಕಾಯಿಸಿ, ಮೂರು ಸಲವೂ ಸುಮ್ಮನೆ ಗಾಳಿಯಲ್ಲಿ ಹಿಡಿದು ತಣಿಸಿ. ಮೊದಲ ಸಲ ಸುಮಾರು 870 ಡಿಗ್ರಿ, ಎರಡನೆಯ ಸಲ 840, ಮೂರನೆಯ ಸಲ 800ರ ಆಸುಪಾಸು, ಅಂದರೆ ಪ್ರತಿ ಸಲವೂ ಬಣ್ಣ ಒಂದು ಛಾಯೆ ಕಡಿಮೆ. ಪ್ರತಿ ಸಲ ಕೆಂಪು ಪೂರ್ತಿ ಆರಿ, ಮಬ್ಬು ಬೆಳಕಿನಲ್ಲೂ ಕಪ್ಪಾಗಿ ಕಂಡು, ಆಯಸ್ಕಾಂತ ಗಟ್ಟಿಯಾಗಿ ಅಂಟುವಷ್ಟು ತಣಿಯುವವರೆಗೆ ಕಾಯಿರಿ. ಅಡಿಗಲ್ಲಿನ ಮೇಲೋ ನೆಲದ ಮೇಲೋ ಇಡಬೇಡಿ, ಒಂದು ಮಗ್ಗುಲು ಬೇಗ ತಣಿದು ಅಲಗು ಡೊಂಕಾಗುತ್ತದೆ. ತಂತಿಗೆ ನೇತುಹಾಕಿ. ಡೊಂಕಿದ್ದರೆ ತಿದ್ದಲು ಸರಿಯಾದ ಹೊತ್ತೂ ಇದೇ.

ತಣ್ಣಗಿನ ಉಕ್ಕನ್ನು ಸಣ್ಣ ಸಣ್ಣ ಏಟಿನಿಂದ ಬಡಿದರೆ ಅಂಚು ‘ಬಿಗಿಯಾಗುತ್ತದೆ’ ಎಂದು ಹೇಳುವವರಿದ್ದಾರೆ. ಆ ಬಡಿತದ ಪರಿಣಾಮವೆಲ್ಲ ಮುಂದಿನ ಕಾವಿನಲ್ಲೇ ಅಳಿದುಹೋಗುತ್ತದೆ. ಉಳಿಯುವುದು ಬಿರುಕಿನ ಅಪಾಯ ಮಾತ್ರ. ಸ್ಪ್ರಿಂಗ್ ಉಕ್ಕನ್ನು ಹಳದಿ ಬೆರೆತ ಕಿತ್ತಳೆ ಬಣ್ಣದಲ್ಲಿದ್ದಾಗ ಬಡಿಯಿರಿ, ಮಂದ ಕೆಂಪಿಗೆ ಇಳಿದ ಕೂಡಲೇ ಸುತ್ತಿಗೆ ನಿಲ್ಲಿಸಿ.

ಈಗ ಅದ್ದುವ ಕಾವು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಇದು. ಒಂದು ತುದಿ ಮುಚ್ಚಿದ, ಸತುವಿನ ಲೇಪ ಇಲ್ಲದ ಕಬ್ಬಿಣದ ಕೊಳವೆಯನ್ನು ಕೆಂಡದ ಮಧ್ಯೆ ಮಲಗಿಸಿ, ಅದರೊಳಗೆ ಚಾಕು ಇಟ್ಟು ಕಾಯಿಸಿ. ಕೊಳವೆಯ ಒಳಗೆ ಎರಡು ಚೂರು ಇದ್ದಿಲು ಹಾಕಿದರೆ ಅದು ಅಲ್ಲಿನ ಆಮ್ಲಜನಕವನ್ನು ನುಂಗಿ ಹೊರಚರ್ಮ ಸುಡುವುದನ್ನು ಕಡಿಮೆ ಮಾಡುತ್ತದೆ. ಗಾಳಿ ಕಡಿಮೆ ಇರಲಿ, ಕೊಳವೆಯನ್ನು ಆಗಾಗ ತಿರುಗಿಸಿ. ನಿಮ್ಮ ಎರಡನೆಯ ಚಾಕುವಿನ ಸಮಸ್ಯೆ ಇಷ್ಟರಿಂದಲೇ ಬಗೆಹರಿಯುವ ಸಂಭವ ಹೆಚ್ಚು.

ಶಾಖ ತಿಳಿಯಲು ಎರಡು ದಾರಿಗಳಿವೆ. ಉಕ್ಕು 770 ಡಿಗ್ರಿಯ ಹತ್ತಿರ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಮೇಲೇರಿದರೆ ನಿಮಗೆ ಬೇಕಾದ ಕಾವು. ಈ ಪರೀಕ್ಷೆ ಶಾಖ ಏರುತ್ತಿರುವಾಗ ಮಾತ್ರ ನಂಬಿಕೆಗೆ ಯೋಗ್ಯ. ತಣಿಯುವಾಗ ಉಕ್ಕು 770ಕ್ಕಿಂತ ಎಷ್ಟೋ ಕೆಳಗಿಳಿದರೂ ಆಯಸ್ಕಾಂತಕ್ಕೆ ಅಂಟದೆ ಉಳಿಯಬಹುದು. ಎರಡನೆಯ ದಾರಿ ಕಣ್ಣಿನದು, ನನಗೆ ಹೆಚ್ಚು ನೆಚ್ಚಿಗೆಯದು. ಮಬ್ಬುಗತ್ತಲಲ್ಲಿ ನೋಡುತ್ತಿದ್ದರೆ ಕೆಂಪಗೆ ಕಾಯುತ್ತಿರುವ ಅಲಗಿನಲ್ಲಿ ನೆರಳಿನಂಥ ಕಪ್ಪು ಮಚ್ಚೆಗಳು ಹರಿದಾಡುತ್ತವೆ. ಒಳರಚನೆ ಬದಲಾಗುವಾಗ ಉಕ್ಕು ಶಾಖ ಹೀರಿಕೊಳ್ಳುವುದರಿಂದ ಆ ನೆರಳು. ತೆಳು ಭಾಗದಿಂದ ದಪ್ಪ ಭಾಗದ ಕಡೆಗೆ ಸರಿಯುತ್ತಾ ಕೊನೆಗೆ ಅದು ಮಾಯವಾಗಿ ಅಲಗೆಲ್ಲ ಒಂದೇ ಬಣ್ಣವಾಗುತ್ತದೆ. ಹಿಡಿಕೆಯ ಹತ್ತಿರ ನೆರಳು ಉಳಿದಿದ್ದರೆ ಆ ಭಾಗ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ. ಬಿಸಿಲಿನಲ್ಲಿ ಈ ಕೆಲಸ ಮಾಡಬೇಡಿ, ಬಣ್ಣ ಮಂಕಾಗಿ ಕಂಡು ಅತಿಯಾಗಿ ಕಾಯಿಸುತ್ತೀರಿ. ಸರಿಯಾದ ಕಾವು ಬಂದ ಮೇಲೆ ಅದೇ ಬಣ್ಣದಲ್ಲಿ ಮೂರರಿಂದ ಐದು ನಿಮಿಷ ಹಿಡಿಯಲು ಸಾಧ್ಯವಾದರೆ ಕ್ರೋಮಿಯಂ ಇರುವ ಉಕ್ಕಿಗೆ ಒಳ್ಳೆಯದು. ಬಣ್ಣ ಏರದಂತೆ ಹಿಡಿಯಲಾಗದಿದ್ದರೆ ಕಾಯುವುದಕ್ಕಿಂತ ಬೇಗ ಅದ್ದುವುದೇ ಲೇಸು.

ಯಾವ ಎಣ್ಣೆ, ಎಷ್ಟು, ಹೇಗೆ

ನಾನು ಹೇಳುವುದು ತೆಳುವಾಗಿ ಹರಿಯುವ ಸಸ್ಯಜನ್ಯ ಅಡುಗೆ ಎಣ್ಣೆ, 8ರಿಂದ 10 ಲೀಟರ್. ಹಣ ಕೂಡಿದರೆ ಉಕ್ಕು ತಣಿಸಲೆಂದೇ ತಯಾರಿಸಿದ ಕ್ವೆಂಚಿಂಗ್ ಆಯಿಲ್ ಇದೆ. ಅದರ ವೇಗ ಪ್ರತಿ ಸಲವೂ ಒಂದೇ ರೀತಿ ಇರುತ್ತದೆ, ಬೇಗ ಕೆಡುವುದಿಲ್ಲ. ಅಡುಗೆ ಎಣ್ಣೆ ಕಾಲಕ್ರಮೇಣ ಜಿಗುಟಾಗುತ್ತದೆ, ಆಗ ಬದಲಾಯಿಸಬೇಕು. ಹಳೆಯ ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಸವೆದ ಲೋಹದ ಕಣ, ರಾಸಾಯನಿಕ ಮಿಶ್ರಣ, ಇಂಧನ ಸುಟ್ಟ ಶೇಷ ಎಲ್ಲ ಇರುತ್ತವೆ. ಅದ್ದಿದಾಗ ಏಳುವ ಹೊಗೆ ನೇರವಾಗಿ ನಿಮ್ಮ ಮುಖಕ್ಕೆ ಬರುತ್ತದೆ. ಅದರ ತಣಿಸುವ ವೇಗ ಎಷ್ಟೆಂದು ಯಾರಿಗೂ ಹೇಳಲಾಗದು.

ಪಾತ್ರೆ ಲೋಹದ್ದೇ ಆಗಿರಬೇಕು, ಬುಡ ಅಗಲವಾಗಿ ಉರುಳದಂತಿರಬೇಕು, ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿರಬಾರದು. ಬಿಗಿಯಾಗಿ ಕೂರುವ ಲೋಹದ ಮುಚ್ಚಳ ಕೈಗೆಟಕುವಲ್ಲಿ ಇರಲಿ. ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ಕಾದ ಕಬ್ಬಿಣದ ತುಂಡೊಂದನ್ನು ಪೂರ್ತಿ ಮುಳುಗಿಸಿ ಕಲಕಿದರೆ ಆಯಿತು. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಹರಿದಾಡುವುದರಿಂದ ತಣ್ಣನೆಯ ಎಣ್ಣೆಗಿಂತ ವೇಗವಾಗಿ ತಣಿಸುತ್ತದೆ. ಇದು ಕೇಳಲು ತಿರುಗುಮುರುಗು ಅನ್ನಿಸಿದರೂ ನಿಜ. ಎಣ್ಣೆಯ ತಳದಲ್ಲಿ ಒಂದು ಹನಿ ನೀರೂ ಇರಕೂಡದು. ನೀರು ಆವಿಯಾಗಿ ಹಿಗ್ಗಿದಾಗ ಉರಿಯುವ ಎಣ್ಣೆಯನ್ನು ಹೊರಕ್ಕೆ ಎಸೆಯುತ್ತದೆ.

ಕುಲುಮೆಯಿಂದ ಎಣ್ಣೆಗೆ ಒಂದೆರಡು ಸೆಕೆಂಡಿನಲ್ಲಿ ಮುಟ್ಟುವಷ್ಟು ಹತ್ತಿರ ಪಾತ್ರೆ ಇರಲಿ. ಮೊನೆ ಕೆಳಗಾಗಿ ನೇರವಾಗಿ, ಅಳುಕದೆ, ಹಿಡಿಕೆಯ ಬಾಲದ ಬುಡದವರೆಗೆ ಒಂದೇ ಸಲಕ್ಕೆ ಇಳಿಸಿ. ಅರ್ಧ ಅದ್ದಿ ಮೇಲೆತ್ತಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಒಳಗೆ ಇಳಿದ ಮೇಲೆ ಅಂಚು ಮತ್ತು ಬೆನ್ನಿನ ದಿಕ್ಕಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ಚಪ್ಪಟೆ ಮಗ್ಗುಲಿನ ಕಡೆ ಆಡಿಸಿದರೆ ಒಂದು ಮೈ ಬೇಗ ತಣಿದು ಬಾಗುತ್ತದೆ. ಹತ್ತು ಸೆಕೆಂಡಿನ ಹೊತ್ತಿಗೆ ತೆಗೆದು ನೋಡಿ. ಬಾಗಿದ್ದರೆ ಆ ಕ್ಷಣದಲ್ಲಿ, ಇನ್ನೂ 200 ಡಿಗ್ರಿಗಿಂತ ಮೇಲಿರುವಾಗ, ದಪ್ಪ ಚರ್ಮದ ಕೈಗವಸು ಹಾಕಿದ ಕೈಯಿಂದಲೇ ತಿದ್ದಬಹುದು. ಅವಕಾಶ ಕೆಲವೇ ಸೆಕೆಂಡು. ಪೂರ್ತಿ ತಣಿದ ಮೇಲೆ ತಿದ್ದಲು ಹೋದರೆ ಮುರಿಯುತ್ತದೆ, ಆಗ ಟೆಂಪರ್ ಮಾಡಿದ, ಅಂದರೆ ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಿ ಪೆಡಸುತನ ಇಳಿಸಿದ ನಂತರವೇ ನೋಡಬೇಕು.

ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ. ನೀರು ಎಂದಿಗೂ ಸುರಿಯಬೇಡಿ. ಎಣ್ಣೆಯ ಬೆಂಕಿಗೆ ತಕ್ಕ ಅಗ್ನಿಶಾಮಕ ಹತ್ತಿರದಲ್ಲೇ ಇರಲಿ. ಮೇಲೆ ಛಾವಣಿಯಿಂದ ಜೋತುಬಿದ್ದ ಬಟ್ಟೆ, ಹಗ್ಗ ಇರಬಾರದು. ಮೈಮೇಲೆ ಹತ್ತಿಯ ಬಟ್ಟೆ, ಕಾಲಿಗೆ ಚರ್ಮದ ಬೂಟು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕುಲುಮೆ ಮುಚ್ಚಿದ ಕೋಣೆಯಲ್ಲಿದ್ದರೆ ಇಂದೇ ಹೊರಗೆ ತನ್ನಿ. ಇದ್ದಿಲು ಕಾರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಭಾರವಾಗುವ ಹೊತ್ತಿಗೆ ತಡವಾಗಿರುತ್ತದೆ. ಸತು ಲೇಪಿಸಿದ ಅಥವಾ ಕ್ರೋಮ್ ಹೊಳಪಿನ ಯಾವ ಕಬ್ಬಿಣವನ್ನೂ ಬೆಂಕಿಗೆ ಹಾಕಬೇಡಿ. ವಾಹನದ ಶಾಕ್ ಅಬ್ಸಾರ್ಬರನ್ನಂತೂ ಕುಲುಮೆಯ ಹತ್ತಿರವೂ ತರಬೇಡಿ, ಮುಚ್ಚಿದ ಕೊಳವೆ ಕಾದರೆ ಸಿಡಿಯುತ್ತದೆ.

ಟೆಂಪರ್ ಮಾಡುವುದು

ಎಣ್ಣೆಯಿಂದ ತೆಗೆದ ಚಾಕು ಗಾಜಿನಷ್ಟು ಪೆಡಸು. ಕೈಯಲ್ಲಿ ಹಿಡಿಯುವಷ್ಟು ತಣಿದ ಕೂಡಲೇ ಟೆಂಪರಿಗೆ ಇಡಿ, ನಾಳೆಗೆ ಬಿಡಬೇಡಿ. ಒಳಗಿನ ಎಳೆತದಿಂದ ಇಟ್ಟಲ್ಲೇ ಸೀಳುವುದುಂಟು.

ಮನೆಯ ಓವನ್ ಸಾಕು. 200 ಡಿಗ್ರಿಯಲ್ಲಿ ಎರಡು ಗಂಟೆ, ಪೂರ್ತಿ ತಣಿಸಿ, ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿ ತೋರಿಸುವ ಅಂಕಿಗೂ ಒಳಗಿನ ಶಾಖಕ್ಕೂ 20–30 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು, ಹಾಗಾಗಿ ಬೇರೆ ಥರ್ಮಾಮೀಟರ್ ಒಳಗಿಡಿ. ಚಾಕುವನ್ನು ಮರಳು ತುಂಬಿದ ತಟ್ಟೆಯಲ್ಲಿ ಹೂತಿಟ್ಟರೆ ಶಾಖದ ಏರಿಳಿತ ಅದಕ್ಕೆ ತಟ್ಟುವುದಿಲ್ಲ. ಎಣ್ಣೆ ಪೂರ್ತಿ ತೊಳೆದು ಒರೆಸಿರಿ, ಇಲ್ಲವಾದರೆ ಮನೆಯೆಲ್ಲ ಹೊಗೆ.

ಬಣ್ಣ ನೋಡಿ ಟೆಂಪರ್ ಮಾಡುವುದಾದರೆ ಮೊದಲು ಉಕ್ಕು ಬೆಳ್ಳಗೆ ಹೊಳೆಯುವಂತೆ ಉಜ್ಜಬೇಕು. ತಿಳಿ ಹುಲ್ಲಿನ ಬಣ್ಣ 205ರ ಆಸುಪಾಸು, ಕಂದು 260, ನೇರಳೆ 280, ನೀಲಿ 300. ಸಾಮಾನ್ಯ ಚಾಕುವಿಗೆ ಹುಲ್ಲಿನ ಬಣ್ಣ ಸಾಕು. ಕಡಿಯುವ ಒರಟು ಕೆಲಸದ್ದಾದರೆ 230ರವರೆಗೆ ಹೋಗಬಹುದು. ನೀಲಿಗೆ ಹೋದ ಅಂಚು ಬೇಗ ಮೊಂಡಾಗುತ್ತದೆ. ಬಣ್ಣ ಶಾಖವನ್ನಷ್ಟೇ ಅಲ್ಲ, ಹೊತ್ತನ್ನೂ ಅವಲಂಬಿಸುತ್ತದೆ. 200 ಡಿಗ್ರಿಯಲ್ಲೇ ಎರಡು ಗಂಟೆ ಇದ್ದದ್ದು ಇನ್ನೂ ಗಾಢವಾಗಿ ಕಂಡರೆ ಗಾಬರಿ ಬೇಡ.

ಇಷ್ಟೆಲ್ಲ ಮಾಡಿ ಕೊನೆಗೆ ಸಾಣೆಯಲ್ಲಿ ಹದ ಕಳೆದುಕೊಳ್ಳುವವರು ಬಹಳ. ತೆಳು ಅಂಚು ಬೆಲ್ಟ್ ಗ್ರೈಂಡರಿನಲ್ಲಿ ಕ್ಷಣದಲ್ಲಿ ನೀಲಿಯಾಗುತ್ತದೆ, ಆ ಜಾಗ ಮೆತ್ತಗಾದಂತೆಯೇ. ಬರಿಗೈಯಲ್ಲಿ ಹಿಡಿದು, ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ, ಬೆರಳು ತಾಳದಷ್ಟು ಬಿಸಿಯಾಗಲು ಬಿಡದೆ ಸಾಣೆ ಹಿಡಿಯಿರಿ.

ಉಳಿಯ ವಿಚಾರ

ಕಟ್ಟಡದ ಸರಳಿನಲ್ಲಿ ಇಂಗಾಲ ಸಾಮಾನ್ಯವಾಗಿ 0.25 ಶೇಕಡಾದ ಆಸುಪಾಸು, ಅದಕ್ಕಿಂತ ಕಡಿಮೆಯೂ ಇರಬಹುದು. ಹದ ಹಿಡಿಯಲು ಅದು ಸಾಲದು. ಟಿಎಂಟಿ ಸರಳಿನ ಬಲ ಬಹುಪಾಲು ಬರುವುದು ಕಾರ್ಖಾನೆಯಲ್ಲಿ ಬಿಸಿಯಿದ್ದಾಗಲೇ ಹೊರಮೈಯನ್ನು ನೀರಿನಿಂದ ತಣಿಸುವುದರಿಂದ. ನೀವು ಕುಲುಮೆಗೆ ಹಾಕಿದ ಕೂಡಲೇ ಆ ಬಲವೂ ಹೋಗುತ್ತದೆ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸರಳಿನ ಕಿಡಿ ಉದ್ದನೆಯ ನೇರ ಗೆರೆಗಳು, ಕವಲು ಕಡಿಮೆ. ಸ್ಪ್ರಿಂಗಿನ ಕಿಡಿಯಲ್ಲಿ ಕವಲುಗಳು ಹೆಚ್ಚು, ತುದಿಯಲ್ಲಿ ಸಿಡಿಯುತ್ತವೆ. ಹಳೆಯ ಅರದ ಕಿಡಿ ಗಿಡ್ಡ, ದಟ್ಟ ಪೊದೆ. ಈ ಮೂರನ್ನೂ ಹೋಲಿಕೆಗೆ ಪಕ್ಕದಲ್ಲಿ ಇಟ್ಟುಕೊಂಡಿರಿ. ಸರಳನ್ನು ಕೊಕ್ಕೆ, ಅಗುಳಿ, ಇಕ್ಕಳಗಳಿಗೆ ಉಳಿಸಿಕೊಳ್ಳಿ.

ಉಳಿಗೆ ಸುರುಳಿ ಸ್ಪ್ರಿಂಗಿನ 12–14 ಮಿಲಿಮೀಟರ್ ದಪ್ಪದ ತುಂಡು ಒಳ್ಳೆಯದು. ಕಾಯಿಸಿ ನೇರ ಮಾಡಿ 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಬಾಯಿ ಬಡಿದು ಅಗಲಿಸಿ, ನಾರ್ಮಲೈಸ್ ಮಾಡಿ. ಕಬ್ಬಿಣ ಕಡಿಯುವ ಉಳಿಯ ಬಾಯಿಯ ಕೋನ 60ರಿಂದ 70 ಡಿಗ್ರಿ ಇರಲಿ. ಹದ ಬೇಕಿರುವುದು ಬಾಯಿಯ 3 ಸೆಂಟಿಮೀಟರಿಗೆ ಮಾತ್ರ. ಕೆಳಗಿನ 5 ಸೆಂಟಿಮೀಟರ್ ಕಾಯಿಸಿ, ಬಾಯಿಯ 3 ಸೆಂಟಿಮೀಟರನ್ನು ಎಣ್ಣೆಗೆ ಅದ್ದಿ. ಒಂದೇ ಮಟ್ಟದಲ್ಲಿ ಹಿಡಿಯದೆ ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಿರಿ, ಇಲ್ಲವಾದರೆ ಎಣ್ಣೆಯ ಗೆರೆಯ ಮಟ್ಟದಲ್ಲೇ ಮುಂದೊಂದು ದಿನ ಮುರಿಯುತ್ತದೆ. ಮೇಲಿನ ಭಾಗದ ಕೆಂಪು ಆರಿದ ಮೇಲೆ ಹೊರತೆಗೆದು ಎಣ್ಣೆ ಒರೆಸಿ, ಬಾಯಿಯ ಒಂದು ಮೈಯನ್ನು ಸಾಣೆ ಕಲ್ಲಿನ ತುಂಡಿನಿಂದ ಬೇಗ ಉಜ್ಜಿ ಬೆಳ್ಳಗೆ ಮಾಡಿ. ಮೇಲೆ ಉಳಿದ ಶಾಖ ಕೆಳಗಿಳಿಯುತ್ತಾ ಬಣ್ಣಗಳು ಬಾಯಿಯ ಕಡೆ ಸಾಲಾಗಿ ಹರಿಯುತ್ತವೆ. ನೇರಳೆ ಬಣ್ಣ ಬಾಯಿಗೆ ಮುಟ್ಟಿದ ಕೂಡಲೇ ಮತ್ತೆ ಎಣ್ಣೆಗೆ ಹಾಕಿ ನಿಲ್ಲಿಸಿ. ಬಣ್ಣ ಮುಂದೆ ಓಡಿಹೋಗಿ ಬೂದುಬಣ್ಣಕ್ಕೆ ತಿರುಗಿದರೆ ತಿದ್ದುವ ದಾರಿ ಇಲ್ಲ, ಕಾಯಿಸುವುದರಿಂದ ಮತ್ತೆ ಶುರುಮಾಡಿ.

ಏಟು ತಿನ್ನುವ ತಲೆಗೆ ಹದ ತಗಲಕೂಡದು. ಗಡಸು ತಲೆಗೆ ಗಡಸು ಸುತ್ತಿಗೆ ಬಿದ್ದರೆ ಚೂರು ಸಿಡಿದು ಕಣ್ಣಿಗೆ ಹೊಡೆಯುತ್ತದೆ. ತಲೆಯ ಅಂಚನ್ನು ಸುತ್ತಲೂ ಓರೆಯಾಗಿ ಸಾಣೆ ಹಿಡಿಯಿರಿ. ಬಳಸುತ್ತಾ ತಲೆ ಅಣಬೆಯಾಕಾರಕ್ಕೆ ಮಡಚಿಕೊಂಡಾಗಲೆಲ್ಲ ಆ ಮಡಿಕೆಯನ್ನು ಪೂರ್ತಿ ತೆಗೆದ ಮೇಲೆಯೇ ಮುಂದಿನ ಏಟು ಹಾಕಿ.